ಎರಡು ಎಸೆತಗಳ ನಡುವೆ

ಏಪ್ರಿಲ್ ೧೨

ಇವತ್ತೂ ಆಟ ಬೇಗ ಮುಗಿದುಹೋಯಿತು. ಒಂಬತ್ತೂವರೆ ಆಗಿಲ್ಲ, ಆಗಲೇ ಟಿವಿಯಲ್ಲಿ ಎಲ್ಲರೂ ಬೆನ್ನು ತಟ್ಟಿಕೊಂಡು ಒಳಗೆ ನಡೆಯುತ್ತಿದ್ದರು. ಹೋದ ವರ್ಷ ಈ ಹೊತ್ತಿಗೆ ಏಳನೇ ಇನ್ನಿಂಗ್ಸೂ ದಾಟಿರುತ್ತಿರಲಿಲ್ಲ. ನಾನು ಇಲ್ಲಿ ಟೊರಾಂಟೊದ ಪೂರ್ವಕ್ಕೆ ವಿಟ್ಬಿಯಲ್ಲಿ, ಗೆಳತಿ ನೀರಜಾ ಅಲ್ಲಿ ಪಶ್ಚಿಮದ ಎರಿನ್ ಮಿಲ್ಸಿನಲ್ಲಿ, ಇಬ್ಬರೂ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ಒಂದೇ ಆಟ ನೋಡುತ್ತಾ, ಯಾರದೋ ಮಗಳ ಮದುವೆ ಮುರಿದ ಸುದ್ದಿಯನ್ನು ಬಿಡಿಸಿ ಬಿಡಿಸಿ ಆಡಿಕೊಳ್ಳುತ್ತಿರುತ್ತಿದ್ದೆವು. ಈಗ ‘ಸರಿ, ಮಲಕ್ಕೋ ಕಣೇ’ ಎಂದು ಅವಳು ಫೋನಿಟ್ಟರೆ ಫ್ರಿಜ್ಜಿನ ಸದ್ದು ಕೇಳಿಸಲು ಶುರುವಾಗುತ್ತದೆ.

ಕಾರಣ ಗಡಿಯಾರ. ಈ ವರ್ಷದಿಂದ ಬೇಸ್‌ಬಾಲಿಗೆ ಗಡಿಯಾರ ತಂದಿದ್ದಾರೆ. ಚೆಂಡು ಕೈಗೆ ಬಂದ ಹದಿನೈದು ಸೆಕೆಂಡಿನೊಳಗೆ ಪಿಚರ್ ಎಸೆಯಲೇಬೇಕು. ಬೇಸಿನ ಮೇಲೆ ಎದುರು ತಂಡದವನು ಓಡಲು ಕಾದು ನಿಂತಿದ್ದರೆ ಇಪ್ಪತ್ತು. ತಡವಾದರೆ ದಂಡ. ಬ್ಯಾಟ್ ಹಿಡಿದವನೂ ಮೊದಲಿನ ಹಾಗೆ ಗ್ಲೌಸು ಬಿಚ್ಚಿ, ಕಟ್ಟಿ, ಆಕಾಶ ನೋಡಿ, ಎರಡು ಸಲ ಉಗಿದು ಆಮೇಲೆ ನಿಲ್ಲುತ್ತೇನೆಂದರೆ ಅವನಿಗೂ ದಂಡ. ನೂರಕ್ಕೂ ಹೆಚ್ಚು ವರ್ಷ ಗಡಿಯಾರದ ಹಂಗಿಲ್ಲದೆ ಆಡಿಕೊಂಡು ಬಂದ ಆಟ. ಯಾರಿಗೆ ಅವಸರವಾಗಿತ್ತೋ ನಾನು ಕಾಣೆ.

ಈ ಆಟದ ಸೊಗಸೆಲ್ಲ ಇದ್ದದ್ದೇ ಎರಡು ಎಸೆತಗಳ ನಡುವೆ. ಈಗ ‘ಸಾರಿಗೆ ಹುಳಿ’ ಅನ್ನುವಷ್ಟರಲ್ಲಿ ಒಂದು ಚೆಂಡು ಬಂದಿರುತ್ತದೆ, ‘ಜಾಸ್ತಿಯಾಯ್ತು’ ಅನ್ನುವಷ್ಟರಲ್ಲಿ ಇನ್ನೊಂದು. ಇದನ್ನು ಯಾರಿಗಾದರೂ ಹೇಳಬೇಕಿತ್ತು. ಯಾರೂ ಇಲ್ಲದ್ದಕ್ಕೆ ಇಲ್ಲಿ ಬರೆದೆ.

ಏಪ್ರಿಲ್ ೨೦

ನೀರಜಾಗೆ ಗಡಿಯಾರ ಇಷ್ಟವಂತೆ. ಇವತ್ತು ಬಾಯಿಬಿಟ್ಟು ಹೇಳಿದಳು. ಇಷ್ಟು ದಿನ ನಾನು ಬೈಯುವಾಗೆಲ್ಲ ‘ಹ್ಞೂಂ ಹ್ಞೂಂ’ ಅನ್ನುತ್ತಿದ್ದವಳು.

ನನಗೆ ನಗುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ. ನಲವತ್ತು ವರ್ಷದ ಹಿಂದೆ ಸ್ಕಾರ್ಬರೋದ ಅಪಾರ್ಟ್‌ಮೆಂಟಿನಲ್ಲಿ ಒಂದೇ ಅಂತಸ್ತಿನಲ್ಲಿದ್ದವರು ನಾವು. ನಾನು ಮೈಸೂರಿನಿಂದ ಬಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದ ಒಂಟಿ ಹುಡುಗಿ. ಅವಳು ಹೊಸ ಮದುವಣಗಿತ್ತಿ. ಅವಳ ಗಂಡ ಮಧುಸೂದನ್‌ಗೆ ಪಿಕರಿಂಗಿನ ಅಣುಸ್ಥಾವರದಲ್ಲಿ ಕೆಲಸ. ಯಾರೋ ಅವರಿಗೆ ಬೇಸ್‌ಬಾಲ್ ಟಿಕೆಟ್ಟು ಕೊಡುತ್ತಿದ್ದರು. ಅವರಿಗೆ ಆಟವೆಂದರೆ ನಿದ್ದೆ, ಆದ್ದರಿಂದ ನಾವಿಬ್ಬರು ಹೋಗುತ್ತಿದ್ದೆವು. ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಏನೊಂದೂ ಅರ್ಥವಾಗದೆ, ಪಕ್ಕದವರು ಎದ್ದಾಗ ಎದ್ದು, ಕೂತಾಗ ಕೂತು ಆಟ ಕಲಿತೆವು. ಮದುವೆ ಯಾಕೆ ಆಗಲಿಲ್ಲ ಎಂದು ನನ್ನನ್ನು ಈಗ ಯಾರೂ ಕೇಳುವುದಿಲ್ಲ, ವಯಸ್ಸಾದ್ದರಿಂದ ಅದೊಂದು ಲಾಭ. ಕೇಳಿದ್ದರೆ, ಸಂಜೆಗಳು ತುಂಬಿದ್ದವು, ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದೆ.

ಮಧುಸೂದನ್ ತೀರಿಹೋದ ಮೇಲೆ, ನಾಲ್ಕು ವರ್ಷದ ಹಿಂದೆ, ನೀರಜಾ ಪಿಕರಿಂಗಿನ ಮನೆ ಮಾರಿ ಮಗ ವಿಕ್ರಮನ ಮನೆ ಸೇರಿದಳು. ಪಿಕರಿಂಗಿನಲ್ಲಿದ್ದಾಗ, ಅನ್ನಕ್ಕಿಟ್ಟು ನನಗೊಂದು ಫೋನು ಮಾಡಿದರೆ ಕುಕ್ಕರ್ ಆರುವುದರೊಳಗೆ ನಾನು ಅವಳ ಸೋಫಾದ ಮೇಲೆ. ಈಗ ನಡುವೆ ಇಡೀ ಟೊರಾಂಟೊ ಅಡ್ಡ ಮಲಗಿದೆ. ಕಣ್ಣಿನ ಆಪರೇಷನ್ ಆದ ಮೇಲೆ ನಾನು ೪೦೧ ಹೈವೇಗೆ ಕಾರು ಇಳಿಸುವುದಿಲ್ಲ. ಹೀಗಾಗಿ ಫೋನು.

ಗಡಿಯಾರ ಯಾಕೆ ಇಷ್ಟ ಎಂದು ಕೇಳಿದೆ. ಯಾರಿಗೂ ಹೇಳಬೇಡ ಎಂದು ನಗುತ್ತಲೇ ಹೇಳಿದಳು. ಒಂಬತ್ತೂವರೆ ಆಗುತ್ತಿದ್ದಂತೆ ಸೊಸೆ ನಿಧಿ ಬಂದು ಸೋಫಾದ ದಿಂಬುಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಾಳಂತೆ. ಬಾಯಲ್ಲಿ ಏನೂ ಅನ್ನುವುದಿಲ್ಲ. ಮೊಮ್ಮಗಳು ಮಾನ್ಯಾಗೆ ಬೆಳಿಗ್ಗೆ ಸ್ಕೂಲು, ಮೇಲಿನ ರೂಮಿಗೆ ಟಿವಿ ಸದ್ದು ಕೇಳಿಸುತ್ತದೆ. ದಿಂಬು ನೆಟ್ಟಗಾದ ತಕ್ಷಣ ಇವಳು ಎದ್ದುಬಿಡುತ್ತಾಳೆ. ಅಲ್ಲಿಗೆ ಹೋದ ಮೇಲೆ ಎಷ್ಟೋ ಆಟಗಳ ಕೊನೆಯನ್ನು ಇವಳು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ನನ್ನ ಬಾಯಿಂದಲೇ ಕೇಳಿದ್ದಾಳೆ. ಗಡಿಯಾರ ಬಂದ ಮೇಲೆ ದಿಂಬಿಗೆ ಮುಂಚೆಯೇ ಆಟ ಮುಗಿಯುತ್ತದೆ.

ನನಗೂ ನಗು ಬಂತು. ಆದರೂ ಹೇಳುತ್ತೇನೆ, ಒಬ್ಬಳ ಮನೆಯ ದಿಂಬಿಗೋಸ್ಕರ ಆಟದ ಕತ್ತು ಹಿಸುಕುವುದು ನ್ಯಾಯವಲ್ಲ.

ಮೇ ೬

ಕನ್ನಡ ಕೂಟದ ಸತ್ಯಪ್ರಕಾಶ್ ಫೋನು ಮಾಡಿದ್ದರು. ಹಿರಿಯರ ದಿನಕ್ಕೆ ಹರಟೆ ಇಡುತ್ತಾರಂತೆ. ವಿಷಯ: ಆಟ ಬೇಗ ಮುಗಿದರೆ ಚೆನ್ನೋ, ನಿಧಾನವಾದರೆ ಚೆನ್ನೋ. ಬೇಸ್‌ಬಾಲಿನ ಗಡಿಯಾರದ ಜಗಳ ಈಗ ಎಲ್ಲರ ಬಾಯಲ್ಲೂ ಇದೆಯಲ್ಲ, ಅದಕ್ಕೆ. ನೀರಜಾ ಬೇಗದ ಕಡೆ, ನಾನು ನಿಧಾನದ ಕಡೆ. ‘ನೀವಿಬ್ಬರೂ ಕೂತರೆ ಬೇರೆಯವರು ಬೇಕಾಗಿಲ್ಲ ಪ್ರಭಾ ಅವರೇ’ ಎಂದರು. ನಾನೂ ಬೇಡ ಅನ್ನಲಿಲ್ಲ.

ಮೇ ೨೦

ಗೆದ್ದೆ. ಶಾಲು, ಒಂದು ಸ್ಟೀಲ್ ಡಬ್ಬಿ, ಹಾಲ್ ತುಂಬ ಚಪ್ಪಾಳೆ. ಬಹಳ ದಿನದ ಮೇಲೆ ಗಂಟಲು ಬಿದ್ದುಹೋಗುವಷ್ಟು ಮಾತಾಡಿದ್ದೇನೆ. ಇನ್ನೂ ನಿದ್ದೆ ಬರುವ ಹಾಗಿಲ್ಲ, ಎಲ್ಲವನ್ನೂ ಬರೆದಿಡುತ್ತೇನೆ.

ಮೊದಲು ನೀರಜಾ ಮಾತಾಡಿದಳು. ಚೆನ್ನಾಗಿಯೇ ಆಡಿದಳು, ಸುಳ್ಳು ಯಾಕೆ ಹೇಳಲಿ. ಗಡಿಯಾರ ಆಟವನ್ನು ಕತ್ತರಿಸಿಲ್ಲ, ಒಂಬತ್ತು ಇನ್ನಿಂಗ್ಸು ಒಂಬತ್ತೇ ಇದೆ, ಕತ್ತರಿಸಿದ್ದು ಗಡ್ಡ ಕೆರೆದುಕೊಳ್ಳುವುದನ್ನು ಮಾತ್ರ ಎಂದಳು. ‘ಸಾಸಿವೆ ಸಿಡಿಯೋ ತನಕ ಕಾಯ್ಬೇಕು, ಅದು ತಾಳ್ಮೆ. ಸಿಡಿದ ಮೇಲೂ ಕಾಯ್ತಾ ನಿಂತ್ರೆ ಅದು ಸೀದ ಒಗ್ಗರಣೆ’ ಎಂದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಅವಳ ಮಗ ವಿಕ್ರಮ್ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಪಕ್ಕದಲ್ಲಿ ನಿಧಿ, ಮಾನ್ಯಾ.

ಆಮೇಲೆ ನನ್ನ ಸರದಿ. ನಾವು ಈ ದೇಶಕ್ಕೆ ಬಂದಾಗ ಬಸ್ಸು, ಬ್ಯಾಂಕು, ಆಫೀಸು ಯಾವುದೂ ನಮಗಾಗಿ ನಿಲ್ಲುತ್ತಿರಲಿಲ್ಲ, ಇದೊಂದು ಆಟ ನಿಂತಿತು ಎಂದೆ. ಅದು ನಿಧಾನವಾಗಿದ್ದುದರಿಂದಲೇ ಗೊತ್ತಿಲ್ಲದವರೂ ಪಕ್ಕದವರನ್ನು ಕೇಳಿ ಕಲಿಯಬಹುದಿತ್ತು, ಎಷ್ಟೋ ಜನ ಪಕ್ಕದವರು ಹಾಗೆಯೇ ಸ್ನೇಹಿತರಾದರು ಎಂದೆ. ಸಭೆ ಗಂಭೀರವಾಯಿತು. ಹರಟೆಯಲ್ಲಿ ಸಭೆ ಗಂಭೀರವಾದರೆ ಸೋತ ಹಾಗೆ. ಆಗ ತಟ್ಟನೆ ಹೊಳೆಯಿತು.

‘ನನ್ನ ಗೆಳತಿಗೆ ಆಟ ಯಾಕೆ ಬೇಗ ಮುಗೀಬೇಕು ಗೊತ್ತಾ? ಮಗನ ಮನೇಲಿ ರಿಮೋಟು ಇವಳ ಕೈಲಿಲ್ಲ. ಒಂಬತ್ತೂವರೆ ಆಯ್ತು ಅಂದ್ರೆ ಸೊಸೆ ಬಂದು ಸೋಫಾ ದಿಂಬು ನೆಟ್ಟಗೆ ಮಾಡ್ತಾಳೆ. ಇವಳು ಎದ್ದು ಬೇಸ್‌ಮೆಂಟಿಗೆ ನಡೀಬೇಕು. ಆ ಗಡಿಯಾರ ಪಿಚರ್‌ಗೆ ಅಂತ ನೀವೆಲ್ಲ ಅಂದ್ಕೊಂಡಿದೀರಿ. ಅಲ್ಲ, ಅದು ಅತ್ತೆಯರಿಗೆ.’

ಹಾಲ್ ಬಿದ್ದು ಬಿದ್ದು ನಕ್ಕಿತು. ಸತ್ಯಪ್ರಕಾಶ್ ಕಣ್ಣೊರೆಸಿಕೊಂಡರು. ವಿಕ್ರಮ್ ಕೂಡ ನಕ್ಕ, ಆಮೇಲೆ ಮೊಬೈಲು ಕೆಳಗಿಳಿಸಿದ. ನಿಧಿ ಮಗಳ ಜಡೆ ಸರಿಮಾಡುತ್ತಿದ್ದಳು. ನೀರಜಾ ನಗುತ್ತಲೇ ಇದ್ದಳು, ಕೊನೆಯವರೆಗೂ ಅದೇ ನಗು.

ಎದುರಾಳಿಯ ಮನೆಯ ವಿಷಯ ಎಳೆದುತರುವುದು ಹರಟೆಯ ಧರ್ಮ. ಹೋದ ಸಲ ಸತ್ಯಪ್ರಕಾಶರ ಹೆಂಡತಿ ಅವರ ಗೊರಕೆಯನ್ನು ಸ್ಟೇಜಿನ ಮೇಲೆ ಮಾಡಿಯೇ ತೋರಿಸಿದ್ದರು, ಯಾರೂ ಸತ್ತುಹೋಗಲಿಲ್ಲ. ಊಟದ ಹೊತ್ತಿಗೆ ನೀರಜಾಳನ್ನು ಹುಡುಕಿದೆ. ಮಾನ್ಯಾಗೆ ಹೊಟ್ಟೆನೋವೆಂದು ಬೇಗ ಹೊರಟರಂತೆ.

ಮೇ ೨೪

ಏಳು ಗಂಟೆಗೆ ಫೋನು ಮಾಡಿದೆ. ‘ಇವತ್ತು ಬೇಡ ಕಣೇ, ತಲೆ ಭಾರ’ ಎಂದಳು. ಒಬ್ಬಳೇ ನೋಡಿದೆ. ನಮ್ಮ ಟೊರಾಂಟೊದವರು ಚೆನ್ನಾಗಿ ಆಡಿದರು.

ಮೇ ೨೮

ಫೋನು ಎತ್ತಲಿಲ್ಲ.

ಜೂನ್ ೯

ಕೊನೆಗೂ ವಾಟ್ಸಾಪಿನಲ್ಲಿ ಒಂದು ಫೋಟೋ. ಗೋಡೆಯಗಲದ ಟಿವಿ. ಕೆಳಗೆ ಇಂಗ್ಲಿಷಿನಲ್ಲಿ, ವಿಕ್ರಮ್ ನನ್ನ ರೂಮಿಗೆ ತಂದುಹಾಕಿದ ಎಂದಷ್ಟೇ.

ನೋಡಿ, ನನ್ನ ಒಂದು ಜೋಕಿನಿಂದ ಅವಳಿಗೆ ಸ್ವಂತ ಟಿವಿ ಬಂತು. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಬರುತ್ತಿತ್ತೇ? ಅಳುವ ಮಗುವಿಗೇ ಹಾಲು. ಇನ್ನು ಆಟ ಎಷ್ಟು ಹೊತ್ತಾದರೂ ನಡೆಯಲಿ, ಯಾವ ದಿಂಬೂ ಅಡ್ಡ ಬರುವುದಿಲ್ಲ. ಅವಳು ನನಗೆ ಥ್ಯಾಂಕ್ಸ್ ಹೇಳಬೇಕು. ಹಾಗೆಂದು ಬರೆದು ಕಳಿಸಿದೆ, ಜೊತೆಗೆ ನಗುವ ಮುಖ ಮೂರು.

ಎರಡು ನೀಲಿ ಗೆರೆ ಬಂದವು. ಓದಿದ್ದಾಳೆ.

ಜೂನ್ ೨೫

ಮನೆಯ ಲ್ಯಾಂಡ್‌ಲೈನಿಗೆ ಮಾಡಿದೆ. ಮಾನ್ಯಾ ಎತ್ತಿದಳು. ‘ಪ್ರಭಾ ಅಜ್ಜಿ ಮಾತಾಡೋದು, ಅಜ್ಜಿನ ಕರಿ ಪುಟ್ಟಾ’ ಎಂದೆ. ಅವಳಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ‘ಷಿ ಈಸ್ ಇನ್ ಹರ್ ರೂಮ್. ವಿ ಆರ್ ನಾಟ್ ಸಪೋಸ್ಡ್ ಟು ಬಗ್ ಹರ್.’ ಅಜ್ಜಿಗೆ ತೊಂದರೆ ಕೊಡಬಾರದೆಂದು ಹೇಳಿದ್ದಾರಂತೆ.

ನೀನು ಆಟ ನೋಡುತ್ತೀಯಾ ಎಂದು ಕೇಳಿದೆ. ಮುಂಚೆ ಅಜ್ಜಿ ಜೊತೆ ನೋಡುತ್ತಿದ್ದೆ, ಈಗ ಅದು ಅಜ್ಜಿಯ ಟಿವಿ ಎಂದಳು. ಆಮೇಲೆ ಯಾರೋ ಕರೆದರು, ಫೋನಿಟ್ಟಳು.

ಮಕ್ಕಳಿಗೆ ಶಿಸ್ತು ಕಲಿಸುವುದು ಒಳ್ಳೆಯದೇ. ರಾತ್ರಿ ಊಟ ಸೇರಲಿಲ್ಲ, ಮಧ್ಯಾಹ್ನದ ಉಪ್ಪಿಟ್ಟು ಹೆಚ್ಚಾಗಿತ್ತು ಅಂತ ಕಾಣುತ್ತದೆ.

ಜುಲೈ ೮

ಆಟ. ಸೋಲು.

ಜುಲೈ ೧೫

ಲೈಬ್ರರಿಗೆ ಹೋಗಿದ್ದೆ. ಅಲ್ಲಿ ಇಬ್ಬರು ಮುದುಕರು ಗಡಿಯಾರದ ಬಗ್ಗೆ ಜಗಳವಾಡುತ್ತಿದ್ದರು. ಒಬ್ಬ, ಈಗ ಮೊಮ್ಮಕ್ಕಳೂ ಕೊನೆಯವರೆಗೆ ಕೂರುತ್ತಾರೆ ಎಂದ. ಇನ್ನೊಬ್ಬ, ಹಾಗಾದರೆ ಮೊಮ್ಮಕ್ಕಳಿಗೆ ಕೂರುವುದನ್ನು ಕಲಿಸು ಎಂದ. ಎರಡನೆಯವನ ಪಕ್ಷ ನನ್ನದೇ. ಹೋಗಿ ಮಾತು ಸೇರಿಸಬಹುದಿತ್ತು. ಯಾಕೋ ಬೇಡವೆನಿಸಿ ಪೇಪರು ಮಡಚಿಟ್ಟು ಬಂದೆ.

ಜುಲೈ ೨೯

ಇವತ್ತು ಆಟ ಸಮವಾಗಿ ಹತ್ತನೇ ಇನ್ನಿಂಗ್ಸಿಗೆ ಹೋಯಿತು. ಮೊದಲಾಗಿದ್ದರೆ ಕುಣಿದುಬಿಡುತ್ತಿದ್ದೆ, ಸಮವಾದ ಆಟ ಮುಗಿಯುವ ಹೊತ್ತು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಈಗ ಅದಕ್ಕೂ ಒಂದು ನಿಯಮವಿದೆ. ಬೇಗ ಮುಗಿಯಲಿ ಎಂದು ಎರಡನೇ ಬೇಸಿನ ಮೇಲೆ ಒಬ್ಬನನ್ನು ಸುಮ್ಮನೆ ತಂದು ನಿಲ್ಲಿಸುತ್ತಾರೆ. ಅವನು ಬ್ಯಾಟು ಬೀಸಿಲ್ಲ, ಓಡಿಲ್ಲ, ಏನೂ ಮಾಡಿಲ್ಲ. ಕ್ಯಾಮೆರಾ ಅವನ ಮುಖ ತೋರಿಸಿತು. ಮೈದಾನದ ನಟ್ಟನಡುವೆ, ಸುತ್ತ ಅಷ್ಟು ಜನ, ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮಾತಾಡಿಸುವವರು ಯಾರೂ ಇರಲಿಲ್ಲ.

ಟಿವಿ ಸೌಂಡು ತೆಗೆದುಬಿಟ್ಟೆ. ಈಚೆಗೆ ಕಾಮೆಂಟರಿ ತಲೆನೋವು ತರಿಸುತ್ತದೆ.

ಆಗಸ್ಟ್ ೧೨

ನಿಧಿಯಿಂದ ವಾಟ್ಸಾಪ್. ವರಮಹಾಲಕ್ಷ್ಮಿ ಪೂಜೆಯನ್ನು ಶನಿವಾರ ಇಟ್ಟುಕೊಂಡಿದ್ದಾರಂತೆ, ಅರಿಶಿನ ಕುಂಕುಮಕ್ಕೆ ಬನ್ನಿ ಎಂದು. ಎಲ್ಲರಿಗೂ ಕಳಿಸಿದ ಒಕ್ಕಣೆ, ನನ್ನ ಹೆಸರಿಲ್ಲ. ಕರೆದಿದ್ದಾರಲ್ಲ, ಸಾಕು. ಪಕ್ಕದೂರು ಎಜಾಕ್ಸಿನಲ್ಲಿರುವ ಕೂಟದ ಸೌಮ್ಯಾ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ಕೊಬ್ಬರಿ ಮಿಠಾಯಿ ಮಾಡಬೇಕು. ನೀರಜಾಗೆ ಅಂಚಿನ ತುಂಡು ಇಷ್ಟ, ಗಟ್ಟಿಯಾಗಿರುವುದು.

ಆಗಸ್ಟ್ ೨೬

ಹೋಗಿಬಂದೆ.

ದೇವರ ಅಲಂಕಾರ ಚೆನ್ನಾಗಿತ್ತು. ನಿಧಿ ಬಾಗಿಲಲ್ಲೇ ‘ಬನ್ನಿ ಆಂಟಿ’ ಎಂದು ನಕ್ಕಳು, ಕುಂಕುಮ ಕೊಟ್ಟಳು, ತಟ್ಟೆ ತುಂಬ ಬಡಿಸಿದಳು. ಒಂದು ಮಾತಿಗೂ ಕುಂದಿಲ್ಲ. ಆ ಸೋಫಾ ನೋಡಿದೆ. ದಿಂಬುಗಳು ಮಟಮಟ ಮಧ್ಯಾಹ್ನವೇ ನೆಟ್ಟಗೆ ನಿಂತಿದ್ದವು. ನಾನು ಕೂರಲು ಹೋದಾಗ ನಿಧಿ ಬಂದು ದಿಂಬುಗಳನ್ನು ತೆಗೆದು ಪಕ್ಕಕ್ಕಿಟ್ಟಳು. ‘ಆರಾಮಾಗಿ ಕೂತ್ಕೊಳಿ ಆಂಟಿ, ಎಷ್ಟು ಹೊತ್ತಾದ್ರೂ’ ಎಂದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಎದ್ದು ನೀರಜಾ ಎಲ್ಲಿ ಎಂದು ಕೇಳಿದೆ.

ಕೆಳಗೆ ತನ್ನ ರೂಮಿನಲ್ಲಿದ್ದಳು. ಪೂಜೆಯ ಹೊತ್ತಿಗೆ ಮೇಲೆ ಬಂದಿದ್ದಳಂತೆ, ಮಂಡಿ ನೋವೆಂದು ಇಳಿದು ಬಂದಿದ್ದಾಳೆ. ಟಿವಿಯಲ್ಲಿ ಆಟ ಓಡುತ್ತಿತ್ತು, ಸೌಂಡಿರಲಿಲ್ಲ. ಎದುರಿಗೆ ಒಂದೇ ಕುರ್ಚಿ. ನಾನು ಮಂಚದ ಮೇಲೆ ಕೂತೆ. ಅವಳು ಸಣ್ಣಗಾಗಿದ್ದಾಳೆ. ಮಿಠಾಯಿ ಡಬ್ಬಿ ಕೊಟ್ಟೆ, ಮೇಜಿನ ಮೇಲಿಟ್ಟಳು.

ಟಿವಿ ನೋಡಿ, ‘ಪಿಕ್ಚರ್ ಚೆನ್ನಾಗಿದೆ ಕಣೇ’ ಎಂದೆ.

ಅವಳು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು. ‘ನಂಗೆ ರಿಮೋಟು ಬೇಕು ಅಂತ ಯಾವತ್ತಾದ್ರೂ ಅಂದಿದ್ನೇನೇ? ಅವರ ಮಧ್ಯೆ ಕೂತಿರ್ತಿದ್ದೆ. ಮಾನ್ಯಾ ನನ್ನ ತೊಡೆ ಮೇಲೆ ಕಾಲು ಹಾಕ್ಕೊಂಡು ಹೋಮ್‌ವರ್ಕ್ ಮಾಡ್ತಿದ್ಲು. ನಿಧಿ ದಿಂಬು ಸರಿ ಮಾಡೋಕೆ ಬಂದ್ರೆ ಅವಳ ಹತ್ರ ಆವತ್ತಿಂದು ಎರಡು ಮಾತು ಆಗೋದು. ನಿನ್ ಹತ್ರ ನಗಾಡ್ಕೊಂಡು ಹೇಳ್ದೆ, ಅಷ್ಟೇ. ಈಗ ನೋಡು, ಯಾರ ತಂಟೇನೂ ಇಲ್ಲ. ನನ್ನ ಟಿವಿ, ನನ್ನ ಬಾಗಿಲು.’

ಆಟದಲ್ಲಿ ಯಾರೋ ಔಟಾದರು. ಮೇಲಿನಿಂದ ಸೌಮ್ಯಾ, ಟ್ರಾಫಿಕ್ ಜಾಸ್ತಿಯಾಗುತ್ತೆ ಹೊರಡೋಣ ಎಂದು ಕೂಗಿದಳು. ಎದ್ದೆ. ನೀರಜಾ ಬಾಗಿಲವರೆಗೆ ಬಂದು, ಹುಷಾರು, ಮೆಟ್ಟಿಲು ಕಡಿದು ಎಂದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಸೌಮ್ಯಾ ಮಾತಾಡುತ್ತಿದ್ದಳು. ಏನು ಮಾತಾಡಿದಳೋ ನೆನಪಿಲ್ಲ.

ಆಗಸ್ಟ್ ೨೭

ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ ೨

ನಾಲ್ಕು ಸಲ ಮೆಸೇಜು ಬರೆದು ಅಳಿಸಿದೆ. ಕ್ಷಮಿಸು ಎಂದು ಬರೆದರೆ ಮದುವೆ ಕಾಗದದ ಹಾಗೆ ಕಾಣುತ್ತದೆ. ಸಾರಿ ಎಂದು ಬರೆದರೆ ಬಸ್ಸಿನಲ್ಲಿ ಕಾಲು ತುಳಿದ ಹಾಗೆ. ನಮ್ಮಿಬ್ಬರ ನಡುವೆ ಈ ಶಬ್ದ ಇಷ್ಟು ವರ್ಷ ಬೇಕಾಗಿಯೇ ಇರಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಹೋಗೋಣವೆಂದರೆ ಆ ರೂಮಿನಲ್ಲಿ ಇನ್ನೊಂದು ಕುರ್ಚಿಯಿಲ್ಲ.

ನನಗೆ ಅವಳು ಬೇಕು. ಇಷ್ಟು ಬರೆಯಲು ಇಷ್ಟು ಹೊತ್ತು ಬೇಕಾಯಿತು.

ಸೆಪ್ಟೆಂಬರ್ ೯

ಸತ್ಯಪ್ರಕಾಶ್ ಮತ್ತೆ ಫೋನು. ಗಣೇಶನ ಹಬ್ಬಕ್ಕೂ ಹರಟೆ ಇದೆಯಂತೆ, ಈ ಸಲ ವಿಷಯ ಅತ್ತೆ ಮೇಲೋ ಸೊಸೆ ಮೇಲೋ. ನೀವಿಲ್ಲದೆ ಕಳೆ ಕಟ್ಟುವುದಿಲ್ಲ ಎಂದರು. ಗಂಟಲು ಸರಿಯಿಲ್ಲ ಎಂದೆ. ಹೋದ ಸಲದ ನಿಮ್ಮ ದಿಂಬಿನ ಜೋಕು ಇನ್ನೂ ಎಲ್ಲರೂ ಹೇಳುತ್ತಿರುತ್ತಾರೆ ಎಂದರು. ಗಂಟಲು ನಿಜವಾಗಿಯೂ ಸರಿಯಿಲ್ಲ ಎಂದು ಫೋನಿಟ್ಟೆ. ಸ್ವಲ್ಪ ಶುಂಠಿ ಕಷಾಯ ಮಾಡಿ ಕುಡಿದೆ, ಸುಳ್ಳಾಗಬಾರದಲ್ಲ.

ಸೆಪ್ಟೆಂಬರ್ ೧೬

ಗಡಿಯಾರವಿದ್ದರೂ ನೋಡುವುದು ಬೇಕಾದಷ್ಟಿದೆ. ಇವತ್ತು ಪಿಚರ್ ಪ್ರತಿ ಸಲವೂ ಚೆಂಡನ್ನು ಗ್ಲೌಸಿನಲ್ಲಿ ತಿರುಗಿಸಿ ತಿರುಗಿಸಿ ಹೊಲಿಗೆ ಹುಡುಕುತ್ತಿದ್ದ. ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎದ್ದು ಬಂದು ಅವನ ಎದೆಗೆ ಮೆತ್ತಗೆ ಗುದ್ದಿ ಹೋದ. ಮೊದಲ ಬೇಸಿನಲ್ಲಿ ಎದುರಾಳಿಗಳಿಬ್ಬರು ಏನೋ ಹೇಳಿಕೊಂಡು ನಕ್ಕರು. ಇದನ್ನು ನೀರಜಾಗೆ ಹೇಳಬೇಕು ಅಂದುಕೊಂಡೆ, ಆಮೇಲೆ ಇನ್ನೊಂದು ಕಂಡಿತು, ಅದನ್ನೂ ಅಂದುಕೊಂಡೆ. ಆಟ ಮುಗಿದದ್ದು ಎಷ್ಟು ಹೊತ್ತಿಗೋ ನೋಡಲಿಲ್ಲ.

ಸೆಪ್ಟೆಂಬರ್ ೨೪

ಇವತ್ತು ಭಾನುವಾರ, ಮಧ್ಯಾಹ್ನದ ಆಟ. ಮುಗಿದು, ಕುಕ್ಕರ್ ಇಟ್ಟು, ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ. ಫೋನು ಬಂತು. ಅವಳ ಹೆಸರು ನೋಡಿ ಕೈ ಒರೆಸಿಕೊಳ್ಳಲೂ ಮರೆತೆ.

ಹೇಗಿದ್ದೀಯಾ, ಊಟವಾಯಿತಾ ಏನೂ ಇಲ್ಲ. ‘ಇವತ್ತಿನ ಆಟ ನೋಡಿದ್ಯೇನೇ?’ ಎಂದಳು. ನೋಡಿದೆ ಎಂದೆ. ‘ನಾನು ಕಡೇ ಇನ್ನಿಂಗ್ಸ್ ನೋಡ್ಲಿಲ್ಲ. ಮಾನ್ಯಾನ ಸ್ವಿಮ್ಮಿಂಗಿಗೆ ಕರ್ಕೊಂಡು ಹೋಗೋದಿತ್ತು. ಏನಾಯ್ತು ಹೇಳು.’

ಚಾಕು ಕೆಳಗಿಟ್ಟೆ. ಆಮೇಲೆ, ‘ನೀರಜಾ, ಆವತ್ತು ಸ್ಟೇಜ್ ಮೇಲೆ ನಾನು ಹಾಗೆ’ ಎಂದು ಶುರುಮಾಡಿದೆ.

‘ಆಟ ಹೇಳೇ’ ಎಂದಳು.

ಹೇಳಿದೆ. ನಮ್ಮವರು ಒಂದು ರನ್ ಮುಂದಿದ್ದರು, ಎದುರಾಳಿಗಳ ಕೊನೆಯ ಬ್ಯಾಟಿಂಗು. ಮೊದಲಿನವನು ಗಿಡ್ಡ, ಅವನ ಪ್ಯಾಂಟಿನ ಮಂಡಿ ಹರಿದಿತ್ತು ಎಂದೆ. ಯಾವ ಮಂಡಿ ಎಂದು ಕೇಳಿದಳು. ಎಡದ್ದು ಎಂದೆ. ನಿನ್ನ ಮಂಡಿ ಹೇಗಿದೆ ಎಂದೆ. ಫಿಸಿಯೋಥೆರಪಿಗೆ ಹೋಗುತ್ತಿದ್ದಾಳಂತೆ, ಅಲ್ಲೊಬ್ಬ ಹುಡುಗ ಬಹಳ ಒಳ್ಳೆಯವನಂತೆ, ಅಡುಗೆ ವಿಚಾರವೆಲ್ಲ ಕೇಳುತ್ತಾನಂತೆ. ಅದು ಮುಗಿದ ಮೇಲೆ ಗಿಡ್ಡನನ್ನು ಔಟ್ ಮಾಡಿದೆ. ಎರಡನೆಯವನಿಗೆ ಎರಡು ಸ್ಟ್ರೈಕ್ ಆಗಿ, ಇನ್ನೊಂದಾದರೆ ಔಟ್ ಅನ್ನುವ ಹೊತ್ತಿಗೆ ಕುಕ್ಕರ್ ಕೂಗಿತು, ಏನು ಅಡುಗೆ ಎಂದಳು, ಹೇಳಿದೆ. ಒಬ್ಬಳಿಗೆ ಯಾಕೆ ಅಷ್ಟೊಂದು ಹುರುಳಿಕಾಯಿ ಎಂದಳು. ಅವನು ಜೋರಾಗಿ ಹೊಡೆದು ಎರಡನೇ ಬೇಸಿಗೆ ಓಡಿದ. ಅಲ್ಲಿ ಅವನು ಏದುಸಿರು ಬಿಡುವಾಗ ನೀರಜಾ ತನ್ನ ಮನೆಯ ಸುದ್ದಿ ಎತ್ತಿದಳು. ಮೊನ್ನೆ ನಿಧಿ ಕೆಳಗೆ ಬಂದು ಸುಮ್ಮನೆ ಮಂಚದ ಮೇಲೆ ಹತ್ತು ನಿಮಿಷ ಕೂತು ಹೋದಳಂತೆ. ಏನೂ ಮಾತಾಡಲಿಲ್ಲವಂತೆ, ಆದರೂ ಕೂತಳಂತೆ. ಇನ್ನೊಂದು ಔಟ್ ಆಯಿತು, ಅವನು ಮೂರನೇ ಬೇಸು ತಲುಪಿದ.

ನಿಜವಾದ ಆಟದಲ್ಲಿ ಇದೆಲ್ಲ ಸರಸರನೆ ನಡೆದುಹೋಗಿತ್ತು. ನಾನು ಹೇಳುತ್ತಾ ಹೋದಂತೆ ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ಗೋಡೆಗೆ ಹೋಯಿತು. ಸಾರು ಕುದಿಯಲು ಇಟ್ಟಿರಲೇ ಇಲ್ಲ. ಅವಳು ಒಂದು ಸಲವೂ ‘ಬೇಗ ಹೇಳು’ ಅನ್ನಲಿಲ್ಲ.

ಕೊನೆಯ ಆಟಗಾರ. ಮೂರು ತಪ್ಪೆಸೆತ, ಎರಡು ಸ್ಟ್ರೈಕು. ಇನ್ನೊಂದೇ ಎಸೆತದಲ್ಲಿ ಆಟ ಆಚೆಯೋ ಈಚೆಯೋ. ಪಿಚರ್ ಟೋಪಿ ತೆಗೆದ, ಹಣೆ ಒರೆಸಿಕೊಂಡ, ಟೋಪಿ ಹಾಕಿಕೊಂಡ ಎಂದೆ. ಕ್ಯಾಚರ್ ಬೆರಳು ತೋರಿಸಿದ, ಇವನು ತಲೆ ಅಲ್ಲಾಡಿಸಿದ, ಇನ್ನೊಂದು ತೋರಿಸಿದ, ಅದಕ್ಕೂ ಅಲ್ಲಾಡಿಸಿದ ಎಂದೆ. ಮುಂದೆ ಹೇಳಲು ಒಂದು ಎಸೆತ ಮಾತ್ರ ಉಳಿದಿತ್ತು. ಅದನ್ನು ಹೇಳಿದರೆ ಮುಗಿಯುತ್ತದೆ, ಅವಳು ಫೋನಿಡುತ್ತಾಳೆ. ಸುಮ್ಮನಾದೆ. ಅವಳ ಉಸಿರು ಕೇಳಿಸುತ್ತಿತ್ತು.

ಆಮೇಲೆ ಅವಳೇ ಅಂದಳು. ‘ಆ ಸೀಗಲ್ ಹಕ್ಕಿ ಬಿಟ್ಟೆಯಲ್ಲೇ. ಅವನು ಎಸೆಯೋಕೆ ಮುಂಚೆ ಲೆಫ್ಟ್ ಫೀಲ್ಡಲ್ಲಿ ಬಂದು ಕೂತ್ಕೊಂಡಿತಲ್ಲ, ಫೀಲ್ಡರ್ ಟೋಪಿ ಬೀಸಿದ್ರೂ ಏಳ್ಲಿಲ್ಲ.’

ನಾನು ಹಕ್ಕಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅವಳು ನೋಡಿದ್ದಾಳೆ. ಕೊನೆಯ ಎಸೆತದವರೆಗೆ, ಆ ರೂಮಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದ್ದಾಳೆ. ಆಮೇಲೆ ಏನಾಯಿತೆಂದು ಕೇಳಲು ನನಗೆ ಫೋನು ಮಾಡಿದ್ದಾಳೆ.

ಒಂದು ಗುಟುಕು ನೀರು ಕುಡಿದೆ.

‘ಹೌದು, ಹಕ್ಕಿ ಮರ್ತಿದ್ದೆ’ ಎಂದೆ. ‘ಇರು, ಹಿಂದಿನ ಎಸೆತದಿಂದ ಹೇಳ್ತೀನಿ.’

‘ಹೇಳು’ ಎಂದಳು.